ಕೆಲಸಕ್ಕಿಂತ ಮುಂದೆ ಓಡೋ ದುಡ್ಡು: ಪುಣೆಯಲ್ಲಿ ಮನೆ ಕಟ್ಟಿಸೋರು ಕಂಟ್ರಾಕ್ಟರ್ ಮುಂದೆ ಯಾಕೆ ಸೋಲ್ತಾರೆ

ಪುಣೆಯಲ್ಲಿ ಮಳೆ ಹಿಡ್ಕೊಂಡ್ರೆ ಸಾಕು, ಹೊಸದಾಗಿ ಮನೆ ಕಟ್ಟಿಸಿದ ನಮ್ಮ ಕನ್ನಡದವರ ಬಾಯಲ್ಲಿ ಅದೇ ಮಾತು. ಸ್ಲ್ಯಾಬ್ ಸೋರ್ತಿದೆ, ಬಾತ್ರೂಮ್ ಪಕ್ಕದ ಗೋಡೆಗೆ ಹಸಿ ಏರ್ತಿದೆ, ಕಿಟಕಿ ಮೂಲೆಯಿಂದ ಬಿರುಕು ಬಿಟ್ಟಿದೆ, ಕಂಟ್ರಾಕ್ಟರ್‌ಗೆ ಫೋನ್ ಮಾಡಿದ್ರೆ ಮೊದಲ ವಾರ "ಬರ್ತೀನ್ರಿ ಸರ, ಈ ಸೈಟ್ ಮುಗಿಸ್ಕೊಂಡು ಬಂದೇ ಬಿಡ್ತೀನಿ" ಅಂತಾನೆ, ಆಮೇಲೆ ಫೋನೇ ಎತ್ತಲ್ಲ. ಧಾಯರಿ, ನರ್ಹೆ, ಆಂಬೇಗಾಂವ್, ಆ ಕಡೆ ಚಿಖಲಿ, ಮೋಶಿ, ಎಲ್ಲೆಲ್ಲಿ ನಮ್ಮವರು ಒಂದು ಗುಂಠಾ ಅಂದ್ರೆ 1089 ಚದರ ಅಡಿ ಜಾಗ ತಗೊಂಡು ಗ್ರೌಂಡ್ ಪ್ಲಸ್ ಒನ್ ಎತ್ತಿಸಿದ್ದಾರೋ ಅಲ್ಲೆಲ್ಲ ಇದೇ ಕಥೆ. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದು ಇಪ್ಪತ್ತು ಮೂವತ್ತು ವರ್ಷ ಚಾಳಲ್ಲಿ ಬಾಡಿಗೆಗಿದ್ದು, ಬಂಗಾರ ಅಡ ಇಟ್ಟು, ಪಿಎಫ್ ತೆಗೆಸಿ, ಊರ ಹೊಲದ ಪಾಲು ಮಾರಿ ಕಟ್ಟಿಸಿದ ಮನೆಗಳಿವು.

ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ಕೇಸ್ ಹಾಕ್ಬಹುದಾ ಅಂತ. ಹಾಕ್ಬಹುದು, ಕಾನೂನು ಈ ವಿಷಯದಲ್ಲಿ ಮನೆ ಮಾಲೀಕನ ಕಡೆಗೇ ಇದೆ, ಆದ್ರೆ ನಾನು ಹತ್ತಿರದಿಂದ ನೋಡಿದ ಜಗಳಗಳಲ್ಲಿ ಸೋಲು ಕೋರ್ಟಲ್ಲಿ ಆಗಿಲ್ಲ. ಕೆಲಸ ಎಷ್ಟಾಗಿದೆಯೋ ಅದಕ್ಕಿಂತ ಹೆಚ್ಚು ದುಡ್ಡು ಕಂಟ್ರಾಕ್ಟರ್ ಕೈ ಸೇರಿದ ದಿನವೇ ಸೋತಿರ್ತಾರೆ, ಉಳಿದಿದ್ದೆಲ್ಲ ಅದರ ಪರಿಣಾಮ ಅಷ್ಟೇ.

ಹೇಗೆ ಅಂತ ನೋಡಿ. 20 ಲಕ್ಷಕ್ಕೆ ವಿತ್ ಮಟೀರಿಯಲ್ ಕಾಂಟ್ರಾಕ್ಟ್ ಅಂತ ಇಟ್ಕೊಳ್ಳಿ, ಚದರಡಿ ರೇಟ್ ಮೇಲೆ ಮಾತಾಗಿದೆ. ಪಾಯ ತೋಡೋ ಮೊದಲೇ 3 ಲಕ್ಷ ಅಡ್ವಾನ್ಸ್, ಪ್ಲಿಂತ್‌ಗೆ (ಪಾಯದ ಮೇಲಿನ ಕಟ್ಟೆಗೆ) ಮೊದಲು ಇಷ್ಟು, ಸ್ಟೀಲ್ ರೇಟ್ ಏರ್ತಿದೆ ಈಗಲೇ ತರಿಸಿಬಿಡೋಣ ಅಂತ ಇನ್ನಷ್ಟು, ಮೊದಲ ಸ್ಲ್ಯಾಬ್‌ಗೆ ಮೊದಲು, ಎರಡನೇ ಸ್ಲ್ಯಾಬ್‌ಗೆ ಮೊದಲು, ಎಲ್ಲಾ ಕಂತೂ "ಮೊದಲು". ಎರಡನೇ ಸ್ಲ್ಯಾಬ್ ಬೀಳೋ ಹೊತ್ತಿಗೆ 17 ಲಕ್ಷ ಹೋಗಿರತ್ತೆ. ನೋಡೋಕೆ ಮನೆ ಎದ್ದು ನಿಂತಿರತ್ತೆ, ಮಾಲೀಕನಿಗೂ ಮುಕ್ಕಾಲು ಪಾಲು ಮುಗೀತು ಅನ್ನಿಸತ್ತೆ. ಆದ್ರೆ ಖರ್ಚಿನ ಲೆಕ್ಕದಲ್ಲಿ ಇನ್ನೂ ಹೆಚ್ಚುಕಮ್ಮಿ ಅರ್ಧ ಕೆಲಸ ಬಾಕಿ: ಪ್ಲಾಸ್ಟರ್, ವಾಟರ್‌ಪ್ರೂಫಿಂಗ್, ಟೈಲ್ಸ್, ಪ್ಲಂಬಿಂಗ್, ವೈರಿಂಗ್, ಬಾಗಿಲು ಕಿಟಕಿ, ಪೇಂಟ್. ಉಳಿದ 3 ಲಕ್ಷಕ್ಕೆ ಇಷ್ಟನ್ನೂ ಮಾಡಿದ್ರೆ ಅವನಿಗೆ ಕೈಯಿಂದ ಹೋಗತ್ತೆ, ಬಿಟ್ಟು ಹೋದ್ರೆ ಲಾಭ. ಒಳ್ಳೆ ಮನುಷ್ಯನೂ ಈ ಜಾಗದಲ್ಲಿ ನಿಂತ್ರೆ ಕೆಲಸ ತೇಲಿಸ್ತಾನೆ, ಕೆಟ್ಟವನಾದ್ರೆ ಮಾಯ ಆಗ್ತಾನೆ.

ಕಂಟ್ರಾಕ್ಟರ್‌ನ ಕಡೆಯಿಂದಲೂ ನೋಡ್ಬೇಕು. ಈ ಸಣ್ಣ ಕಂಟ್ರಾಕ್ಟರ್‌ಗಳಲ್ಲಿ ಬಹಳ ಜನ ನಿನ್ನೆ ಮೊನ್ನೆ ತನಕ ಗೌಂಡಿ ಆಗಿದ್ದವರೇ, ಮಜೂರ್ ಅಡ್ಡಾದಲ್ಲಿ ಬೆಳಿಗ್ಗೆ ಬುತ್ತಿ ಹಿಡ್ಕೊಂಡು ನಿಂತು ಮೇಲೆ ಬಂದವರು. ಕೈಯಲ್ಲಿ ಬಂಡವಾಳ ಇಲ್ಲ. ನಿಮ್ಮ ಅಡ್ವಾನ್ಸ್ ಹೋಗೋದು ಹಿಂದಿನ ಸೈಟಿನ ಸ್ಟೀಲ್ ಅಂಗಡಿ ಬಾಕಿಗೆ, ನಿಮ್ಮ ಸೈಟ್ ನಡೆಯೋದು ಮುಂದಿನ ಮಾಲೀಕನ ಅಡ್ವಾನ್ಸಿಂದ. ಒಂದು ಕಡೆ ಕಂತು ತಪ್ಪಿದ್ರೆ ಮೂರು ಸೈಟ್ ನಿಲ್ಲತ್ತೆ. ಮೇಲಾಗಿ ಅವನು ತಾನೇ ಎಲ್ಲಾ ಕೆಲಸ ಮಾಡಿಸಲ್ಲ, ಸೆಂಟ್ರಿಂಗ್, ಅಂದ್ರೆ ಕಾಂಕ್ರೀಟ್ ಸುರಿಯೋಕೆ ಹಲಗೆ ಕಟ್ಟೋದು, ಒಬ್ಬನಿಗೆ, ಸ್ಟೀಲ್ ಕಟ್ಟೋದು ಇನ್ನೊಬ್ಬನಿಗೆ, ಪ್ಲಾಸ್ಟರ್ ಮತ್ತೊಬ್ಬನಿಗೆ, ಹೀಗೆ ಒಬ್ಬೊಬ್ಬರಿಗೂ ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹಂಚ್ತಾನೆ. ಬೇಗ ಮುಗಿಸಿದವನಿಗೆ ದುಡ್ಡು. ಇಲ್ಲಿ ಒಂದು ವಿಷಯ ಯಾರೂ ಗಮನಿಸಲ್ಲ: ಕ್ಯೂರಿಂಗ್, ಅಂದ್ರೆ ಕಾಂಕ್ರೀಟಿಗೆ ನೀರು ಹಿಡಿಸೋದು, ಇವರ ಯಾರ ರೇಟಲ್ಲೂ ಸೇರಿಲ್ಲ. ಐಎಸ್ 456, ಅಂದ್ರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ, ಅದರ ಪ್ರಕಾರ ಮಾಮೂಲಿ ಸಿಮೆಂಟ್ ಆದ್ರೆ ಕನಿಷ್ಠ 7 ದಿನ, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋ ಪಿಪಿಸಿ ಥರದ ಮಿಶ್ರ ಸಿಮೆಂಟ್ ಆದ್ರೆ 10 ದಿನ ಕಾಂಕ್ರೀಟ್ ಒದ್ದೆ ಇರ್ಲೇಬೇಕು, ಬಿಸಿಲು ಜಾಸ್ತಿ ಇದ್ರೆ ಇನ್ನೂ ಹೆಚ್ಚು. ಏಪ್ರಿಲ್ ಮೇ ತಿಂಗಳಲ್ಲಿ ಊರಾಚೆಯ ಈ ಏರಿಯಾಗಳಲ್ಲಿ ಕುಡಿಯೋ ನೀರೇ ಟ್ಯಾಂಕರಲ್ಲಿ ಬರತ್ತೆ, ಅದನ್ನ ದುಡ್ಡು ಕೊಟ್ಟು ತರಿಸಿ ಸ್ಲ್ಯಾಬಿಗೆ ಯಾರು ಹೊಡೀತಾರೆ? ಮಳೆಗೆ ಮೊದಲು ಸ್ಲ್ಯಾಬ್ ಮುಗಿಸ್ಬೇಕು ಅನ್ನೋ ಅವಸರವೂ ಅದೇ ತಿಂಗಳಲ್ಲಿ. ಹಾಗಾಗಿ ವರ್ಷದಲ್ಲಿ ನೀರು ಅತಿ ಕಡಿಮೆ ಇರೋ ಹೊತ್ತಲ್ಲೇ ಅತಿ ಹೆಚ್ಚು ಸ್ಲ್ಯಾಬ್ ಬೀಳತ್ತೆ, ಮುಂದಿನ ತಿಂಗಳೇ ಅದರ ಪರೀಕ್ಷೆ.

ಇದಕ್ಕೆ ನಮ್ಮವರಲ್ಲಿ ಇನ್ನೊಂದು ಸೇರ್ಕೊಳ್ಳತ್ತೆ, ಊರಿನ ಸಂಬಂಧ. ಕಂಟ್ರಾಕ್ಟರ್ ನಮ್ಮ ತಾಲೂಕಿನವನು, ಜಾತ್ರೆಯಲ್ಲಿ ಸಿಕ್ತಾನೆ, ಅವರಣ್ಣನ ಮದುವೆಗೆ ನಾವು ಹೋಗಿದ್ವಿ, ಅವನ ಹತ್ತಿರ ಅಗ್ರಿಮೆಂಟ್ ಏನು ಕೇಳೋದು, ಕೇಳಿದ್ರೆ ನಂಬಿಕೆ ಇಲ್ಲ ಅಂದಂಗಾಗತ್ತೆ. ಈ ದಾಕ್ಷಿಣ್ಯಕ್ಕೆ ಬಿದ್ದು ಕೈ ಸುಟ್ಕೊಂಡವರನ್ನ ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯತ್ತೆ. ಪರಸ್ಥಳದಲ್ಲಿ ನಮ್ಮ ಭಾಷೆಯವನು ಅನ್ನೋ ನಂಬಿಕೆ ದೊಡ್ಡದು, ಅದನ್ನ ಬಿಡಿ ಅಂತ ನಾನು ಹೇಳಲ್ಲ, ಆದ್ರೆ ಬರೆದಿಟ್ಟುಕೊಂಡ್ರೆ ಆ ಸಂಬಂಧವೂ ಉಳಿಯತ್ತೆ. ಬರೆಯದೇ ಇದ್ದ ಕಡೆ ಮನೆಯೂ ಹೋಗಿ ಊರಿನ ಮಾತುಕತೆಯೂ ನಿಂತಿದೆ.

ಪರಿಚಯದ ಒಬ್ಬ ಅಕ್ಕಾರ ಮನೆ ವಿಷಯ ಹೇಳ್ತೀನಿ, ಇಂಡಿ ಕಡೆಯವರು, ಧಾಯರಿಯಲ್ಲಿ ಕಟ್ಟಿಸಿದ್ದು. ಯಜಮಾನರು ಕಂಪನಿ ಡ್ಯೂಟಿಗೆ ಹೋಗೋರು, ಸೈಟ್ ನೋಡ್ಕೊಳ್ತಿದ್ದಿದ್ದು ಅಕ್ಕಾರೇ. ಗ್ರೌಂಡ್ ಫ್ಲೋರಿನ ಒಂದು ಕಾಲಮ್‌ನ (ಕಂಬದ) ಶಟರಿಂಗ್, ಅಂದ್ರೆ ಸುತ್ತ ಕಟ್ಟಿದ ಹಲಗೆ, ಬಿಚ್ಚಿದಾಗ ಬುಡದಲ್ಲಿ, ಮೊಣಕಾಲಿನ ಎತ್ತರದೊಳಗೆ, ಗೇಣಗಲ ಜಾಗದಲ್ಲಿ ಬರೀ ಜಲ್ಲಿ ಕಾಣ್ತಿತ್ತು, ನಡುವೆ ಸಿಮೆಂಟೇ ಇಳಿದಿಲ್ಲ, ಒಳಗಿನ ಸರಳಿನ ರಿಂಗ್ ಕೂಡ ಹೊರಗೆ ಕಾಣೋದು. ಕೈಯಿಂದ ಕೆದಕಿದ್ರೆ ಜಲ್ಲಿ ಉದುರಿ ಬೀಳ್ತಿತ್ತಂತೆ. ಕೇಳಿದ್ದಕ್ಕೆ ಕಂಟ್ರಾಕ್ಟರ್ "ಅಕ್ಕಾರ, ಇದು ಎಲ್ಲಾ ಕಡೆ ಬರ್ತೈತ್ರಿ, ಸಿಮೆಂಟ್ ಹಚ್ಚಿ ಮುಚ್ಚಿಬಿಡ್ತೀವಿ, ಏನೂ ಆಗಂಗಿಲ್ಲ" ಅಂದ, ಮರುದಿನ ಬೆಳಿಗ್ಗೆ ಹೋಗೋದ್ರೊಳಗೆ ನುಣ್ಣಗೆ ಮುಚ್ಚಿ ಆಗಿತ್ತು. ಅಕ್ಕಾರು ಹಿಂದಿನ ಸಂಜೆ ಊರಲ್ಲಿರೋ ತಮ್ಮನಿಗೆ ತೋರಿಸೋಕೆ ಅಂತ ಮೊಬೈಲಲ್ಲಿ ಫೋಟೋ ಹೊಡೆದು ವಾಟ್ಸಾಪಲ್ಲಿ ಕಳಿಸಿದ್ರು. ಮುಂದೆ ಜಗಳ ಬಂದಾಗ ಇಡೀ ಮನೆಯಲ್ಲಿ ಅವರ ಹತ್ತಿರ ಇದ್ದ ಗಟ್ಟಿ ಪುರಾವೆ ಆ ಫೋಟೋ ಒಂದೇ, ಯಾಕಂದ್ರೆ ದುಡ್ಡೆಲ್ಲ ನಗದಲ್ಲಿ ಹೋಗಿತ್ತು, ಲೆಕ್ಕ ಇದ್ದಿದ್ದು ಮಗಳ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ, ಕಂಟ್ರಾಕ್ಟರ್ ಸಹಿ ಎಲ್ಲೂ ಇಲ್ಲ.

ಹೀಗೆ ಸಿಮೆಂಟ್ ಇಳಿಯದೇ ಜೇನುಗೂಡಿನ ಥರ ತೂತು ಬೀಳೋದಕ್ಕೆ ಹನಿಕೋಂಬ್ ಅಂತಾರೆ, ಅದು ಮೇಲಿನಿಂದ ಸಿಮೆಂಟ್ ಹಚ್ಚಿ ಮುಚ್ಚೋ ವಿಷಯ ಅಲ್ಲ. ಕಾಂಕ್ರೀಟ್ ಅಲುಗಾಡಿಸಿ ಕೂರಿಸೋ ವೈಬ್ರೇಟರ್ ಸರಿಯಾಗಿ ಓಡಿಸದೇ ಇದ್ದಾಗ, ಇಲ್ಲಾ ಶಟರಿಂಗ್ ಸಂದಿಯಿಂದ ಸಿಮೆಂಟ್ ಹಾಲು ಸೋರಿಹೋದಾಗ ಹಾಗಾಗತ್ತೆ. ಸಡಿಲ ಇರೋದನ್ನೆಲ್ಲ ಗಟ್ಟಿ ಕಾಂಕ್ರೀಟ್ ಸಿಗೋವರೆಗೂ ಕೆತ್ತಿ, ತೊಳೆದು, ಬಾಂಡಿಂಗ್ ಕೋಟ್ ಹಚ್ಚಿ, ಕುಗ್ಗದೇ ಇರೋ ಮೈಕ್ರೋ ಕಾಂಕ್ರೀಟ್ ತುಂಬ್ಬೇಕು, ಅದೂ ಇಂಜಿನಿಯರ್ ನಿಂತು ನೋಡಿ. ಮುಚ್ಚಿದ ತೂತಿನೊಳಗೆ ಗಾಳಿ ತೇವ ಹೋಗ್ತಾನೇ ಇರತ್ತೆ, ಸರಳು ತುಕ್ಕು ಹಿಡಿದು ಊದ್ಕೊಳ್ಳತ್ತೆ, ಹತ್ತು ವರ್ಷಕ್ಕೆ ಕಾಂಕ್ರೀಟನ್ನ ಒಳಗಿಂದ ಒಡೆದು ಹಾಕತ್ತೆ. ಮುಂಬೈ, ಗೋವಾದಂಥ ಸಮುದ್ರದ ಗಾಳಿ ಇರೋ ಕಡೆ ಇದು ಇನ್ನೂ ಬೇಗ.

ಇನ್ನೊಂದು ಮಾಮೂಲಿ ತಪ್ಪು ನೀರಿನದ್ದು, ಕ್ಯೂರಿಂಗಿಗೆ ಕಡಿಮೆ, ಕಲಸೋವಾಗ ಜಾಸ್ತಿ. ಎಂ20 ದರ್ಜೆಯ ಕಾಂಕ್ರೀಟಿಗೆ 50 ಕಿಲೋ ಚೀಲ ಒಂದಕ್ಕೆ 30 ಲೀಟರ್‌ಗಿಂತ ಹೆಚ್ಚು ನೀರು ಹಾಕಬಾರದು, ಆದ್ರೆ ಮಾಲು ಸಲೀಸಾಗಿ ಹರಿದ್ರೆ ಹಾಕೋರಿಗೆ ಸುಲಭ ಅಂತ ಬಕೆಟ್ ಮೇಲೆ ಬಕೆಟ್ ಸುರೀತಾರೆ, ಅಲ್ಲಿಗೆ ಶಕ್ತಿ ಕುಸೀತು. ಇದನ್ನ ಹಿಡಿಯೋಕೆ ದೊಡ್ಡ ಖರ್ಚೇನಿಲ್ಲ. ಒಂದು ಗುಂಠಾ ಮನೆಯ ಸ್ಲ್ಯಾಬ್ 800 ಚದರಡಿ, 5 ಇಂಚು ದಪ್ಪ ಅಂದ್ರೆ ಹತ್ತಿರ ಹತ್ತಿರ 9ರಿಂದ 10 ಘನ ಮೀಟರ್ ಕಾಂಕ್ರೀಟ್. ಐಎಸ್ 456 ಪ್ರಕಾರ ಅಷ್ಟಕ್ಕೆ ಎರಡು ಸ್ಯಾಂಪಲ್, ಒಂದೊಂದರಲ್ಲಿ ಮೂರು ಕ್ಯೂಬ್, ಒಟ್ಟು ಆರು. 15 ಸೆಂಟಿಮೀಟರಿನ ಆರು ಡಬ್ಬಿ ತುಂಬಿಸಿಟ್ಟು, ನೀರಲ್ಲಿ ಮುಳುಗಿಸಿ, 28 ದಿನಕ್ಕೆ ಲ್ಯಾಬಿಗೆ ಕೊಟ್ರೆ ಸ್ಲ್ಯಾಬ್ ಏನು ಅಂತ ಕಾಗದದ ಮೇಲೆ ಬರತ್ತೆ. ದೊಡ್ಡ ಬಿಲ್ಡರ್ ಸೈಟಲ್ಲಿ ಇದು ದಿನನಿತ್ಯದ ಕೆಲಸ, ನಮ್ಮ ಗುಂಠಾ ಮನೆಗಳಲ್ಲಿ ಮಾತ್ರ ಯಾರೂ ಕೇಳೋದೇ ಇಲ್ಲ.

ಹಾಗಂತ ಕಂಡ ಕಂಡ ಬಿರುಕಿಗೆಲ್ಲ ಕಂಟ್ರಾಕ್ಟರ್ ಕುತ್ತಿಗೆ ಹಿಡಿಯೋದೂ ನ್ಯಾಯ ಅಲ್ಲ, ಕೊನೇ ಕಂತು ಉಳಿಸೋಕೆ ಅಂತಲೇ ತಪ್ಪು ಹುಡುಕೋ ಮಾಲೀಕರೂ ಇದ್ದಾರೆ. ಪ್ಲಾಸ್ಟರ್ ಮೇಲಿನ ಕೂದಲೆಳೆ ಬಿರುಕು ಒಣಗೋವಾಗ ಬರೋದು, ಪುಟ್ಟಿ ಪೇಂಟಲ್ಲಿ ಮುಗಿಯತ್ತೆ. ಇಟ್ಟಿಗೆ ಗೋಡೆ ಮತ್ತು ಬೀಮ್ ಸೇರೋ ಗೆರೆಯಲ್ಲಿ ಉದ್ದಕ್ಕೂ ಬಂದ್ರೆ ಅಲ್ಲಿ ತಂತಿ ಜಾಲಿ ಹಾಕದೇ ಪ್ಲಾಸ್ಟರ್ ಮಾಡಿದ್ದಾರೆ, ಅದು ಕೆಲಸದ ತಪ್ಪು ಆದ್ರೆ ಮನೆ ಬೀಳಲ್ಲ. ಬೀಮ್ ಮೇಲೆ ಓರೆಯಾಗಿ ಬಂದಿದ್ದು, ಕಾಲಮ್ ಉದ್ದಕ್ಕೆ ಸೀಳಿದ್ದು, ಬಿರುಕಿನಿಂದ ಕೆಂಪಗೆ ತುಕ್ಕಿನ ನೀರು ಇಳೀತಿರೋದು, ಇವುಗಳಿಗೆ ತಕ್ಷಣ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು. ಅಕ್ಕಪಕ್ಕದವರ ಅಭಿಪ್ರಾಯ, ಇನ್ನೊಬ್ಬ ಗೌಂಡಿಯ ಅಭಿಪ್ರಾಯ ಇಲ್ಲಿ ನಡೆಯಲ್ಲ.

ಈಗ ಕಾನೂನಿಗೆ ಬರೋಣ. ಹೆಚ್ಚಿನವರು ಮೊದಲು ಹೇಳೋ ಹೆಸರು ಮಹಾರೇರಾ, ಅಂದ್ರೆ ಬಿಲ್ಡರ್‌ಗಳ ಮೇಲೆ ಕಣ್ಣಿಡೋ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ಪ್ರಾಧಿಕಾರ, ಅಲ್ಲೇ ದಾರಿ ತಪ್ಪೋದು. ರೇರಾ ಇರೋದು ಬಿಲ್ಡರ್ ಹತ್ತಿರ ಫ್ಲ್ಯಾಟ್ ಕೊಂಡವರಿಗೆ. 2016ರ ಆ ಕಾಯ್ದೆಯ ಸೆಕ್ಷನ್ 14(3) ಬಹಳ ಗಟ್ಟಿ, ಪೊಸೆಷನ್ ಕೊಟ್ಟ 5 ವರ್ಷದೊಳಗೆ ಸ್ಟ್ರಕ್ಚರ್ ಅಥವಾ ಕೆಲಸದ ದೋಷ ಕಂಡು ಬಿಲ್ಡರ್ ಗಮನಕ್ಕೆ ತಂದ್ರೆ 30 ದಿನದಲ್ಲಿ ಒಂದು ಪೈಸೆ ತಗೊಳ್ಳದೇ ಸರಿ ಮಾಡಿಕೊಡ್ಬೇಕು, ಇಲ್ಲಾಂದ್ರೆ ಪರಿಹಾರ. ಆದ್ರೆ ನಿಮ್ಮ ಜಾಗದಲ್ಲಿ ನಿಮಗೋಸ್ಕರ ಕಂಟ್ರಾಕ್ಟರ್ ಇಟ್ಕೊಂಡು ಕಟ್ಟಿಸಿದ್ರೆ ಅಲ್ಲಿ ಮಾರಾಟವೇ ಇಲ್ಲ, ರೇರಾ ನಿಮ್ಮ ದೂರು ನೋಡಲ್ಲ. ಫ್ಲ್ಯಾಟ್ ಒಳಗಿನ ರಿಪೇರಿ, ಇಂಟೀರಿಯರ್ ಕಂಟ್ರಾಕ್ಟರ್ ಜಗಳಕ್ಕೂ ಇದೇ ಮಾತು. ಇನ್ನು 500 ಚದರ ಮೀಟರ್ ಜಾಗದೊಳಗಿನ ಇಲ್ಲಾ 8 ಫ್ಲ್ಯಾಟ್ ತನಕದ ಸಣ್ಣ ಪ್ರಾಜೆಕ್ಟ್‌ಗಳಿಗೆ ರೇರಾ ರಿಜಿಸ್ಟ್ರೇಷನ್ನೇ ಕಡ್ಡಾಯ ಅಲ್ಲ, ಇಂಥ ಸಣ್ಣ ಬಿಲ್ಡಿಂಗಲ್ಲಿ ಫ್ಲ್ಯಾಟ್ ತಗೊಳ್ಳೋವಾಗ ಇದು ನೆನಪಿರ್ಬೇಕು.

ನಮ್ಮಂಥ ಮನೆ ಕಟ್ಟಿಸಿದವರ ಜಾಗ ಗ್ರಾಹಕ ಆಯೋಗ. "ಕಂಟ್ರಾಕ್ಟರ್ ಜೊತೆ ಜಗಳಕ್ಕೂ ಗ್ರಾಹಕ ಕೋರ್ಟಿಗೂ ಏನು ಸಂಬಂಧ, ಅದು ಫ್ರಿಜ್ ಟಿವಿಗೆ ಅಲ್ವಾ" ಅಂತ ಎಷ್ಟೋ ಜನ ಕೇಳ್ತಾರೆ. 1993ರಲ್ಲೇ ಕಾಯ್ದೆಗೆ ತಿದ್ದುಪಡಿ ತಂದು ಮನೆ ನಿರ್ಮಾಣವನ್ನ ಸೇವೆ ಅಂತ ಸೇರಿಸಿದ್ರು, ಅದೇ ವರ್ಷ ನವೆಂಬರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಕೇಸಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು, ಈಗಿನ 2019ರ ಕಾಯ್ದೆಯ ಸೆಕ್ಷನ್ 2(42)ರಲ್ಲೂ ಅದು ಹಾಗೇ ಇದೆ. ಜಾಗ ನಮ್ಮದು, ಕಟ್ಟೋದು ಬಿಲ್ಡರ್, ಫ್ಲ್ಯಾಟ್ ಹಂಚ್ಕೊಳ್ಳೋದು ಅಂತ ಒಪ್ಪಂದ ಮಾಡ್ಕೊಂಡವರೂ ಗ್ರಾಹಕರೇ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿದೆ. ಅಗ್ರಿಮೆಂಟಲ್ಲಿ ಆರ್ಬಿಟ್ರೇಷನ್ (ಜಗಳ ಮಧ್ಯಸ್ಥರ ಮುಂದೆ) ಅಂತ ಬರೆದಿದ್ರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚಲ್ಲ.

ಕೊಟ್ಟ ಮೊತ್ತ 50 ಲಕ್ಷದ ತನಕ ಇದ್ರೆ ಜಿಲ್ಲಾ ಆಯೋಗ, ಅದಕ್ಕೂ ಮೇಲೆ 2 ಕೋಟಿ ತನಕ ರಾಜ್ಯ ಆಯೋಗ. ಫೀ ಅಂದ್ರೆ ಹೆದರಬೇಡಿ, 5 ಲಕ್ಷದ ತನಕ ಏನೂ ಇಲ್ಲ, 10 ಲಕ್ಷದ ತನಕ 200 ರೂಪಾಯಿ, 20ರ ತನಕ 400, 50ರ ತನಕ 1000. ವಕೀಲರು ಬೇಕೇ ಬೇಕು ಅಂತಿಲ್ಲ. ಮೊದಲೆಲ್ಲ ಎದುರು ಪಾರ್ಟಿ ಇರೋ ಊರಲ್ಲೋ ಘಟನೆ ಆದ ಕಡೆಯೋ ಹಾಕ್ಬೇಕಿತ್ತು, 2019ರ ಕಾಯ್ದೆ ಬಂದ ಮೇಲೆ ನೀವಿರೋ ಜಿಲ್ಲೆಯಲ್ಲೂ ಹಾಕ್ಬಹುದು, ಕಂಟ್ರಾಕ್ಟರ್ ಸೈಟ್ ಬಿಟ್ಟು ಸೋಲಾಪುರಕ್ಕೋ ಊರಿಗೋ ಹೋಗಿ ಕೂತ್ರೂ ನೀವು ಓಡಾಡ್ಬೇಕಿಲ್ಲ. ಗಡುವು ಮಾತ್ರ 2 ವರ್ಷ, ಇದರಲ್ಲೇ ಬಹಳ ಜನ ಕಳ್ಕೊಳ್ಳೋದು. "ಮುಂದಿನ ವಾರ ಬರ್ತೀನಿ, ದೀಪಾವಳಿ ಆದ್ಮೇಲೆ ಮಾಡಿಕೊಡ್ತೀನಿ" ಅನ್ನೋದನ್ನ ನಂಬಿ ಎರಡು ಮಳೆಗಾಲ ಕಳೆದಿರತ್ತೆ. ತಡವಾದ್ರೂ ಸರಿಯಾದ ಕಾರಣ ಕೊಟ್ರೆ ಆಯೋಗ ಒಪ್ಪಬಹುದು, ಆದ್ರೆ ಅದು ಅವರ ಮರ್ಜಿ, ನಮ್ಮ ಹಕ್ಕಲ್ಲ. ಎದುರು ಪಾರ್ಟಿಗೆ ನೋಟಿಸ್ ತಲುಪಿ 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದ್ರೆ 5 ತಿಂಗಳಲ್ಲಿ ಮುಗಿಸೋ ಪ್ರಯತ್ನ ಮಾಡ್ಬೇಕು ಅಂತ ಕಾಯ್ದೆ ಹೇಳತ್ತೆ, ಅಸಲಿಗೆ ವರ್ಷಗಟ್ಟಲೆ ಎಳೆಯತ್ತೆ, ಇದನ್ನ ಮೊದಲೇ ತಿಳ್ಕೊಂಡೇ ಹೋಗ್ಬೇಕು.

ಆಯೋಗದ ಮುಂದೆ ನಿಮ್ಮ ಮಾತು ನಿಲ್ಲೋದು ರಿಪೋರ್ಟ್ ಮೇಲೆ. ಇಲ್ಲೇ ದೊಡ್ಡ ಅನಾಹುತ ಆಗೋದು: ಸೋರಿಕೆ ತಡೆಯೋಕಾಗದೇ ಜನ ಬೇರೆ ಕಂಟ್ರಾಕ್ಟರ್ ಕರೆಸಿ ಟೈಲ್ಸ್ ಒಡೆಸಿ ಎಲ್ಲಾ ಸರಿ ಮಾಡಿಸ್ಬಿಡ್ತಾರೆ, ಆಮೇಲೆ ಖರ್ಚು ವಾಪಸ್ ಬೇಕು ಅಂತ ಕೇಸ್ ಹಾಕ್ತಾರೆ. ಅಷ್ಟೊತ್ತಿಗೆ ತಪ್ಪು ಎಲ್ಲಿತ್ತು ಅಂತ ತೋರಿಸೋಕೆ ಏನೂ ಉಳಿದಿರಲ್ಲ, ಹಳೇ ಕಂಟ್ರಾಕ್ಟರ್ "ನನ್ನ ಕೆಲಸ ಚೆನ್ನಾಗೇ ಇತ್ತು, ಹೊಸಬ ಕೆಡಿಸಿದ" ಅಂದ್ರೆ ಉತ್ತರ ಇಲ್ಲ. ಧಾಯರಿ ಅಕ್ಕಾರ ಮನೆಯಲ್ಲೂ ಬಾತ್ರೂಮ್ ವಿಷಯ ಹೀಗೇ ಕೈ ತಪ್ಪಿತು. ಕ್ರಮ ಹೀಗಿರ್ಬೇಕು: ಮೊದಲು ಕಂಟ್ರಾಕ್ಟರ್‌ಗೆ ಏನೇನು ದೋಷ ಅಂತ ಬರೆದು, ಇಷ್ಟು ದಿನದಲ್ಲಿ ಸರಿ ಮಾಡು, ಇಂಥ ದಿನ ಇಂಜಿನಿಯರ್ ನೋಡೋಕೆ ಬರ್ತಾರೆ ನೀನೂ ಬಾ ಅಂತ ಸ್ಪೀಡ್ ಪೋಸ್ಟಲ್ಲಿ ಮತ್ತು ವಾಟ್ಸಾಪಲ್ಲಿ ಕಳಿಸ್ಬೇಕು. ಬಂದ್ರೆ ಒಳ್ಳೇದು, ಬರದಿದ್ರೆ ಕರೆದಿದ್ದಕ್ಕೆ ದಾಖಲೆ ಇರತ್ತೆ. ಇಂಜಿನಿಯರ್ ಸುತ್ತಿಗೆಯಿಂದ ಬರೀ ಬಡಿದು ನೋಡಿ ಹೋದ್ರೆ ಸಾಲಲ್ಲ, ಒಡೆಯದೇ ಕಾಂಕ್ರೀಟ್ ಪರೀಕ್ಷಿಸೋ ರಿಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್ ಟೆಸ್ಟ್, ಸಂಶಯ ಜಾಸ್ತಿ ಇದ್ರೆ ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆಸಿ ಲ್ಯಾಬಿಗೆ ಕಳಿಸೋದು, ಯಾವ ಜಾಗದಲ್ಲಿ ಏನು ಸಿಕ್ತು, ಸರಿಪಡಿಸೋಕೆ ಎಷ್ಟಾಗತ್ತೆ ಅನ್ನೋ ಎಸ್ಟಿಮೇಟ್, ಫೋಟೋ, ತಾರೀಕು, ಸಹಿ ಎಲ್ಲಾ ಇರ್ಬೇಕು. ಅದಾದ ಮೇಲೆ ರಿಪೇರಿ. ವಾಟ್ಸಾಪ್ ಚಾಟ್ ಇರೋ ಫೋನನ್ನ ಹಾಳು ಮಾಡ್ಕೋಬೇಡಿ, ಸ್ಕ್ರೀನ್‌ಶಾಟಿಗಿಂತ ಅಸಲು ಫೋನಿಗೆ ಬೆಲೆ ಹೆಚ್ಚು.

ನಗದು ವ್ಯವಹಾರದ ಬಗ್ಗೆ ಒಂದು ಮಾತು. "ಬಿಲ್ ಬೇಕಾದ್ರೆ 18% ಜಿಎಸ್‌ಟಿ ಹಾಕ್ಬೇಕಾಗತ್ತೆ ಸರ, ಇಲ್ಲಾಂದ್ರೆ ನಿಮಗೇ ಉಳೀತಲ್ಲ" ಅನ್ನೋದು ಕೇಳೋಕೆ ಚೆನ್ನಾಗಿರತ್ತೆ. ನಿಜ ಅಂದ್ರೆ ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರೋ ಕಂಟ್ರಾಕ್ಟರ್ ಮಹಾರಾಷ್ಟ್ರದಲ್ಲಿ ಜಿಎಸ್‌ಟಿ ರಿಜಿಸ್ಟರ್ ಮಾಡಿಸ್ಬೇಕಾದ್ದೇ ಇಲ್ಲ, ಮಟೀರಿಯಲ್ ನೀವೇ ತಂದುಕೊಟ್ಟು ಒಂಟಿ ಮನೆಗೆ ಬರೀ ಲೇಬರ್ ಕಾಂಟ್ರಾಕ್ಟ್ ಕೊಟ್ರೆ ಅದಕ್ಕೆ ಜಿಎಸ್‌ಟಿ ಇಲ್ಲ. ಇನ್ನು ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತಗೊಳ್ಳೋದಕ್ಕೆ ಆದಾಯ ತೆರಿಗೆ ಕಾನೂನಲ್ಲಿ ನಿಷೇಧ ಇದೆ, ದಂಡ ಬೀಳೋದು ತಗೊಂಡವನಿಗೆ. ಬ್ಯಾಂಕಿಂದಲೋ ಯುಪಿಐಯಿಂದಲೋ ಕೊಡಿ, ಮೆಸೇಜಲ್ಲಿ "ಎರಡನೇ ಸ್ಲ್ಯಾಬ್ ಮುಗಿದದ್ದಕ್ಕೆ" ಅಂತ ಬರೀರಿ, ಅಷ್ಟೇ ಸಾಕು ನಾಳೆಗೆ.

ಗುಂಠಾ ಜಾಗದವರಿಗೆ ಇನ್ನೊಂದು ತೊಡಕಿದೆ. ಬಹಳ ಕಡೆ ಪ್ಲ್ಯಾನ್ ಪಾಸ್ ಆಗಿರಲ್ಲ, ಗುಂಠಾ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ ಜಾಗಗಳನ್ನ ಸಕ್ರಮ ಮಾಡೋ 2001ರ ಗುಂಠೇವಾರಿ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ತಂದು 2020ರ ಡಿಸೆಂಬರ್ ಕೊನೇವರೆಗಿನದನ್ನ ಸಕ್ರಮ ಮಾಡೋ ಅವಕಾಶ ಕೊಟ್ರೂ ಎಲ್ಲರೂ ಮಾಡಿಸ್ಕೊಂಡಿಲ್ಲ. ಪ್ಲ್ಯಾನ್ ಇಲ್ಲ ಅಂದ ಮಾತ್ರಕ್ಕೆ ಕಂಟ್ರಾಕ್ಟರ್ ಮಾಡಿದ ಕಳಪೆ ಕೆಲಸ ಒಳ್ಳೇದಾಗಲ್ಲ, ಆದ್ರೆ ಅವನ ವಕೀಲ ಮೊದಲು ಎತ್ತೋದು ಅದನ್ನೇ, ಮಾಲೀಕರೂ ಕಾರ್ಪೊರೇಷನ್‌ನವರ ಕಣ್ಣಿಗೆ ಬೀಳೋ ಭಯಕ್ಕೆ ಕೇಸೇ ಬೇಡ ಅಂತ ಕೂರ್ತಾರೆ. ಕಂಟ್ರಾಕ್ಟರ್‌ಗೂ ಈ ಭಯ ಗೊತ್ತು. ಜೊತೆಗೆ ಪ್ಲ್ಯಾನ್ ಇಲ್ಲ ಅಂದ್ರೆ ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟ್) ಡ್ರಾಯಿಂಗೂ ಇರಲ್ಲ, ಕಾಲಮಿಗೆ ಎಷ್ಟು ಸರಳು ಅನ್ನೋದನ್ನ ಸೆಂಟ್ರಿಂಗ್‌ನವನೇ ತೀರ್ಮಾನಿಸ್ತಾನೆ, ಮುಂದೆ ಕಡಿಮೆ ಹಾಕಿದ್ದಾನೆ ಅಂತ ಹೇಳೋಕೆ ಅಳತೆಗೋಲೇ ಇರಲ್ಲ. ಪ್ಲ್ಯಾನ್ ವಿಷಯ ಏನೇ ಇರಲಿ, ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಡ್ರಾಯಿಂಗ್ ಮಾಡಿಸಿ ಅದರ ಪ್ರತಿ ಪುಟಕ್ಕೂ ಕಂಟ್ರಾಕ್ಟರ್ ಸಹಿ ಹಾಕಿಸಿ.

ಫ್ಲ್ಯಾಟಲ್ಲಿ ಇರೋರಿಗೆ ವಿಷಯ ಸ್ವಲ್ಪ ಬೇರೆ. ಮುಂಬೈ ಪುಣೆಯಲ್ಲಿ ಅರ್ಧ ಜಗಳ ಬಾತ್ರೂಮ್ ರಿಪೇರಿಯದ್ದೇ, ಹಳೇ ಬ್ರಿಕ್ ಬ್ಯಾಟ್ ಕೋಬಾ (ಇಟ್ಟಿಗೆ ಚೂರಿನ ವಾಟರ್‌ಪ್ರೂಫಿಂಗ್ ಪದರ) ಒಡೆದು ಹೊಸದು ಹಾಕೋವಾಗ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗೋ ಜಾಲರಿ ಬಾಯಿ) ಸುತ್ತ ಸರಿಯಾಗಿ ಮುಚ್ಚಲ್ಲ, ಮೂರು ತಿಂಗಳಿಗೆ ಕೆಳಗಿನವರ ಸೀಲಿಂಗ್ ಸೋರತ್ತೆ. ಕೆಳಗಿನವರಿಗೆ ಉತ್ತರ ಕೊಡ್ಬೇಕಾದವರು ನೀವು, ಕಂಟ್ರಾಕ್ಟರ್ ಅಲ್ಲ. ಟೈಲ್ಸ್ ಹಾಕೋ ಮೊದಲು ಟ್ರ್ಯಾಪ್ ಮುಚ್ಚಿ ನೀರು ನಿಲ್ಲಿಸಿ ಕನಿಷ್ಠ 24 ಗಂಟೆ, ಆಗೋದಾದ್ರೆ 48 ಗಂಟೆ ಬಿಟ್ಟು, ಕೆಳಗಿನ ಮನೆಗೆ ಹೋಗಿ ನೋಡಿ, ಅವರ ಎದುರಿಗೇ ಫೋಟೋ ತಗೊಳ್ಳಿ, ಆಮೇಲೆ ಆ ಕಂತು ಕೊಡಿ. ಗೋಡೆ ಒಡೆಸೋ ಕೆಲಸ ಇದ್ರೆ ಸೊಸೈಟಿ ಪರ್ಮಿಷನ್ ಇಲ್ಲದೇ ಕೈ ಹಾಕಲೇಬೇಡಿ. 2017ರ ಜುಲೈಯಲ್ಲಿ ಘಾಟ್ಕೋಪರ್‌ನಲ್ಲಿ ನಾಲ್ಕು ಮಹಡಿ ಕಟ್ಟಡ ಕುಸಿದು 17 ಜನ ಸತ್ರು, ಗ್ರೌಂಡ್ ಫ್ಲೋರಲ್ಲಿ ನವೀಕರಣ ಮಾಡೋವಾಗ ಕಂಬಗಳಿಗೆ ಕೈ ಹಾಕಿದ್ದೇ ಕಾರಣ ಅನ್ನೋ ಆರೋಪದ ಮೇಲೆ ಕ್ರಿಮಿನಲ್ ಕೇಸಾಯ್ತು. "ಹಾಲ್ ದೊಡ್ಡದಾಗತ್ತೆ, ಈ ಗೋಡೆ ತೆಗೆದುಬಿಡೋಣ" ಅಂತ ಕಂಟ್ರಾಕ್ಟರ್ ಹೇಳಿದಾಗ ಆ 17 ಜನ ನೆನಪಾಗ್ಬೇಕು.

ಪೊಲೀಸ್ ಸ್ಟೇಷನ್ನಿಗೆ ಹೋದ್ರೆ ನೂರಕ್ಕೆ ತೊಂಬತ್ತು ಸಲ "ಹೇ ಸಿವಿಲ್ ಮ್ಯಾಟರ್ ಆಹೇ" ಅಂತ ಕಳಿಸ್ತಾರೆ, ಅದರಲ್ಲಿ ಅರ್ಥವೂ ಇದೆ. ಕಳಪೆ ಕೆಲಸ ಬೇರೆ, ಮೋಸ ಬೇರೆ; ಶುರುವಿನಿಂದಲೇ ಮಾಡೋ ಇರಾದೆ ಇರಲಿಲ್ಲ, ಸುಳ್ಳು ಬಿಲ್ ಕೊಟ್ಟ, ಒಂದೇ ಸ್ಟೀಲ್ ತೋರಿಸಿ ನಾಲ್ಕು ಜನರ ಹತ್ತಿರ ದುಡ್ಡು ತಗೊಂಡ ಅನ್ನೋ ಥರ ಇದ್ರೆ ಮಾತ್ರ ಅದು ವಂಚನೆಯ ಕೇಸ್.

ನಮ್ಮಲ್ಲಿ ಕೋರ್ಟಿಗಿಂತ ಮೊದಲು ಹಿರಿಯರು ಕೂರ್ತಾರೆ. ಮಠದ ಕಾರ್ಯಕ್ರಮ ಮುಗಿದ ಮೇಲೋ, ಯಾರದ್ದೋ ಮನೆಯಲ್ಲೋ, ನಾಲ್ಕು ಜನ ಸೇರಿ ಇಬ್ಬರನ್ನೂ ಕೂರಿಸ್ಕೊಂಡು ಮಾತಾಡ್ತಾರೆ. ನನಗಂತೂ ಇದು ಒಳ್ಳೇ ದಾರಿ ಅನ್ಸತ್ತೆ, ಎಷ್ಟೋ ಮನೆ ಇದರಿಂದ ಮುಗಿದಿವೆ, ಕೋರ್ಟ್ ಮೂರು ವರ್ಷ ತಗೊಳ್ಳೋದನ್ನ ಒಂದು ಭಾನುವಾರ ಮುಗಿಸಿದ್ದಾರೆ. ಆದ್ರೆ ಅಲ್ಲಿ ಆದ ಮಾತು ಬಾಯಲ್ಲೇ ಉಳಿಯತ್ತೆ, ಏನೇನು ಸರಿ ಮಾಡ್ಬೇಕು, ಯಾವ ತಾರೀಕಿನೊಳಗೆ, ಮಾಡದಿದ್ರೆ ಎಷ್ಟು ವಾಪಸ್, ಇದನ್ನ ಹಾಳೆ ಮೇಲೆ ಬರೆದು ಇಬ್ಬರೂ ಸಹಿ ಮಾಡಿ ಕೂತ ಹಿರಿಯರಲ್ಲಿ ಇಬ್ಬರು ಸಾಕ್ಷಿ ಹಾಕಿದ್ರೆ ಅದೇ ಕಾಗದ ನಾಳೆ ಆಯೋಗದಲ್ಲಿ ಕಂಟ್ರಾಕ್ಟರ್ ತಪ್ಪು ಒಪ್ಕೊಂಡ ದಾಖಲೆ. ಭಾಷೆಯ ತೊಂದರೆಯೂ ನಿಜ. ಮರಾಠಿ ನಮ್ಮವರು ನೀರು ಕುಡಿದಂಗೆ ಮಾತಾಡ್ತಾರೆ, ಆದ್ರೆ ನೋಟಿಸು, ಅಗ್ರಿಮೆಂಟು ಕೈಗೆ ಬಂದ್ರೆ ಓದೋಕೆ ತಡವರಿಸ್ತಾರೆ, ಏನು ಬರೆದಿದೆ ಅಂತ ಗೊತ್ತಿಲ್ಲದೇ ಸಹಿ ಹಾಕಿದವರು ಎಷ್ಟೋ. ಪುಣೆ ಮುಂಬೈಯಲ್ಲಿ ಕನ್ನಡ ಸಂಘಗಳಿಗೆ ಕಡಿಮೆ ಇಲ್ಲ, ನಮ್ಮ ವಕೀಲರು, ಇಂಜಿನಿಯರ್‌ಗಳೂ ಅಲ್ಲೇ ಸದಸ್ಯರಾಗಿದ್ದಾರೆ. ರಾಜ್ಯೋತ್ಸವದ ಜೊತೆಗೆ ತಿಂಗಳಿಗೊಂದು ದಿನ ಮನೆ ಕಟ್ಟಿಸೋರ ಅಗ್ರಿಮೆಂಟ್ ಓದಿ ಹೇಳೋಕೆ ಒಬ್ಬರು ಕೂತ್ರೆ ಎಷ್ಟು ಸಂಸಾರ ಉಳಿಯತ್ತೆ ಅಂತ ನಾನು ತುಂಬಾ ಸಲ ಅಂದ್ಕೊಂಡಿದ್ದೀನಿ, ಯಾರಾದ್ರೂ ಶುರು ಮಾಡಿ ಅಂತ ಕೈ ಮುಗಿದು ಕೇಳ್ತೀನಿ.

ಅಗ್ರಿಮೆಂಟ್ ಅಂದ್ರೆ ದೊಡ್ಡ ಪುಸ್ತಕ ಬೇಡ, ಮಹಾರಾಷ್ಟ್ರದಲ್ಲಿ ಈಗ ಕನಿಷ್ಠ 500 ರೂಪಾಯಿ ಸ್ಟ್ಯಾಂಪ್ ಪೇಪರ್, ಅದರ ಮೇಲೆ ಎರಡು ಮೂರು ಹಾಳೆ ಸಾಕು. ಚದರಡಿ ಅಳತೆಯಲ್ಲಿ ಸಜ್ಜಾ, ಬಾಲ್ಕನಿ, ಮೆಟ್ಟಿಲು, ನೀರಿನ ಟ್ಯಾಂಕ್ ಸೇರತ್ತಾ ಇಲ್ವಾ ಅನ್ನೋದು ಮೊದಲು, ಎಕ್ಸ್‌ಟ್ರಾ ಜಗಳ ಶುರುವಾಗೋದು ಅಲ್ಲಿಂದಲೇ. ಸಿಮೆಂಟ್, ಸ್ಟೀಲ್ ಯಾವ ಕಂಪನಿ, ಮರಳು ಯಾವುದು, ವೈರ್ ಯಾವುದು. ಅಡ್ವಾನ್ಸ್ 5%ಗಿಂತ ಹೆಚ್ಚು ಬೇಡ, 20 ಲಕ್ಷಕ್ಕೆ 1 ಲಕ್ಷ. ಉಳಿದ ಪ್ರತಿ ಕಂತೂ ಕೆಲಸ ಮುಗಿದ ಮೇಲೆ, ಇಂಜಿನಿಯರ್ ನೋಡಿ ಹೂಂ ಅಂದ ಮೇಲೆ. ಬಂಡವಾಳ ಇಲ್ಲ ಅಂತ ಕಂಟ್ರಾಕ್ಟರ್ ಹೇಳಿದ್ರೆ ಅದು ನಿಜವೇ ಇರತ್ತೆ, ಆಗ ದುಡ್ಡನ್ನ ಅವನ ಕೈಗೆ ಕೊಡ್ಬೇಡಿ, ಸ್ಟೀಲ್ ಅಂಗಡಿಗೆ ನೀವೇ ಕಟ್ಟಿ ಬಿಲ್ ನಿಮ್ಮ ಹೆಸರಲ್ಲಿ ತಗೊಳ್ಳಿ, ಅವನ ತೊಂದರೆಯೂ ತೀರತ್ತೆ ನಿಮ್ಮ ಮಾಲು ಬೇರೆ ಸೈಟಿಗೆ ಹೋಗೋದೂ ತಪ್ಪತ್ತೆ. ಕ್ಯೂರಿಂಗಿಗೆ ಟ್ಯಾಂಕರ್ ಯಾರು ತರಿಸೋದು, ನೀರು ಹೊಡಿಯೋ ಆಳಿಗೆ ಕೂಲಿ ಯಾರದ್ದು ಅಂತ ಪ್ರತ್ಯೇಕ ಬರೀರಿ. ಕೊನೇ 5% ಒಂದು ಪೂರ್ತಿ ಮಳೆಗಾಲ ದಾಟೋ ತನಕ ನಿಮ್ಮ ಹತ್ತಿರವೇ ಇರ್ಲಿ, ಸೋರಿಕೆ ಇಲ್ಲಾಂದ್ರೆ ಅಕ್ಟೋಬರಲ್ಲಿ ಒಂದು ದಿನವೂ ತಡ ಮಾಡದೇ ಕೊಟ್ಟುಬಿಡಿ, ಅದು ಅವನ ಬೆವರಿನ ದುಡ್ಡು.

ಆ ಹಾಳೆಯಲ್ಲಿ ಕಂಟ್ರಾಕ್ಟರ್‌ನ ಪೂರ್ತಿ ಹೆಸರು, ಪುಣೆಯ ವಿಳಾಸ, ಊರಿನ ವಿಳಾಸ, ಪ್ಯಾನ್ ಕಾರ್ಡಿನ ಝೆರಾಕ್ಸ್, ಬ್ಯಾಂಕ್ ಖಾತೆ ನಂಬರ್ ಇರ್ಲೇಬೇಕು. ಎಷ್ಟೋ ಜನರಿಗೆ ಎರಡು ವರ್ಷ ಮನೆ ಕಟ್ಟಿದವನ ಅಡ್ಡಹೆಸರೂ ಗೊತ್ತಿರಲ್ಲ, ಫೋನಲ್ಲಿ "ಕಂಟ್ರಾಕ್ಟರ್ ಅಣ್ಣ" ಅಂತ ಸೇವ್ ಆಗಿರತ್ತೆ. ಆಯೋಗದ ನೋಟಿಸ್ ತಲುಪಿದ ಮೇಲೆ ಅವನಿಗೆ ಉತ್ತರ ಕೊಡೋಕೆ 30 ದಿನ, ಹೆಚ್ಚಂದ್ರೆ ಇನ್ನೂ 15, ಅದಕ್ಕಿಂತ ಮುಂದೆ ಆಯೋಗ ಕೊಡೋ ಹಾಗಿಲ್ಲ ಅಂತ 2020ರ ಮಾರ್ಚಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಆದ್ರೆ ಈ ಗಡಿಯಾರ ಓಡೋದು ನೋಟಿಸ್ ತಲುಪಿದ ದಿನದಿಂದ, ವಿಳಾಸ ತಪ್ಪಿದ್ರೆ ಕವರ್ ವಾಪಸ್ ಬರ್ತಾನೇ ಇರತ್ತೆ, ವರ್ಷ ಕಳೆಯತ್ತೆ. ಗೆದ್ದ ಮೇಲೂ ಅಷ್ಟೇ. ಆಯೋಗದ ಆದೇಶ ಪಾಲಿಸದೇ ಇದ್ರೆ ಸೆಕ್ಷನ್ 72ರಲ್ಲಿ 1 ತಿಂಗಳಿಂದ 3 ವರ್ಷದ ತನಕ ಜೈಲು, ಇಲ್ಲಾ 25 ಸಾವಿರದಿಂದ 1 ಲಕ್ಷದ ತನಕ ದಂಡ, ಎರಡೂ ಆಗಬಹುದು, ಸೆಕ್ಷನ್ 71ರಲ್ಲಿ ಸಿವಿಲ್ ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ) ಥರ ಆಸ್ತಿ ಜಪ್ತಿ ಮಾಡಿಸ್ಬಹುದು. ಜಪ್ತಿ ಮಾಡಿಸೋಕೆ ಆಸ್ತಿ ಎಲ್ಲಿದೆ ಅಂತ ತೋರಿಸ್ಬೇಕಾದವರು ಗೆದ್ದವರೇ, ಅದಕ್ಕೇ ಊರಿನ ವಿಳಾಸ, ಬ್ಯಾಂಕ್ ಖಾತೆ ನಂಬರ್ ಅಗ್ರಿಮೆಂಟ್ ದಿನವೇ ಬರೆಸಿಟ್ಕೊಳ್ಳಿ ಅಂತ ಹೇಳಿದ್ದು.